ತಲೆ ಒಳಗೆ, ಹಫ್ನಾವಿ!

ಬಲ್ಗಾಸಿಮ್‌ನ ಅಂಗಡಿಗೆ ಕ್ಷೌರಕ್ಕೆ ಹೋಗುವವರು ಮೊದಲು ಗಡಿಯಾರ ನೋಡಿಕೊಳ್ಳಬೇಕು. ನಮ್ಮ ಗಣಿಯೂರು ಮೆತ್ಲಾವಿಯಲ್ಲಿ ಗಡ್ಡ ಮೂಡಿದ ಗಂಡಸರಿಗೆಲ್ಲ ಇದು ಗೊತ್ತು. ಮೂರೂವರೆಗೆ ಹೋಗಿ ಕುರ್ಚಿಯಲ್ಲಿ ಕೂತಿರೋ, ಮುಗಿಯಿತು ನಿಮ್ಮ ಕಥೆ. ಒಂದು ಕೆನ್ನೆ ನುಣ್ಣಗಾಗಿರುತ್ತದೆ, ಇನ್ನೊಂದರ ಮೇಲೆ ಸೋಪಿನ ನೊರೆ ಹಾಗೇ ಕೂತಿರುತ್ತದೆ, ಅಷ್ಟರಲ್ಲಿ ಬೆಟ್ಟದ ಕಡೆಯಿಂದ ನಾಲ್ಕರ ಗೂಡ್ಸು ಗಾಡಿ ಕೂಗುತ್ತದೆ. ಬಲ್ಗಾಸಿಮ್ ಕತ್ತಿ ಮಡಚಿಟ್ಟು, ಕೈ ಒರೆಸಿಕೊಂಡು, ಮೊಳೆಗೆ ನೇತುಹಾಕಿದ ಕ್ಯಾಮೆರಾ ಎತ್ತಿಕೊಂಡು ಹೊರಗೆ ಹೋಗಿಬಿಡುತ್ತಾನೆ. ನೀವು ಕೊರಳಿಗೆ ಬಿಳಿ ಬಟ್ಟೆ ಕಟ್ಟಿಸಿಕೊಂಡು ಅವನು ಬರುವವರೆಗೆ ಅಲ್ಲೇ ಕೂತಿರಬೇಕು.

ಲಮೀನ್ ಮೇಷ್ಟ್ರು ಒಂದು ಸಲ ಇದನ್ನು ಮರೆತರು. ಶಾಲೆಗೆ ಮೇಲಧಿಕಾರಿ ಬಂದಿದ್ದಾರೆಂದು ಕರೆ ಬಂದು, ಅರ್ಧ ಗಡ್ಡದಲ್ಲೇ ಓಡಬೇಕಾಯಿತು. ಮಾರನೆಯ ದಿನ ಬಂದವರು ಬಾಗಿಲಲ್ಲೇ ನಿಂತು ಕೂಗಾಡಿದರು.

“ಏನಯ್ಯಾ, ನಿನಗೆ ಮನುಷ್ಯರ ಮುಖ ದೊಡ್ಡದೋ, ಆ ದರಿದ್ರ ಗಾಡಿ ದೊಡ್ಡದೋ?”

“ಮೇಷ್ಟ್ರೇ, ನಿಮ್ಮ ಮುಖ ನಾಳೇನೂ ಇರತ್ತೆ.”

“ಗಾಡಿ ನಾಳೆ ಬರಲ್ವೇನೋ?”

“ಬರತ್ತೆ. ಇವತ್ತಿನ ಬೆಳಕು ಬರಲ್ಲ.” ಹೀಗೆಂದು ಬಲ್ಗಾಸಿಮ್ ಉಳಿದ ಅರ್ಧ ಗಡ್ಡಕ್ಕೆ ನೊರೆ ಹಚ್ಚತೊಡಗಿದ. ಮೇಷ್ಟ್ರು ಗೊಣಗುತ್ತಲೇ ಕೆನ್ನೆ ಒಡ್ಡಿದರು. ಇನ್ನೇನು ಮಾಡಿಯಾರು, ಊರಲ್ಲಿ ಅವನಷ್ಟು ಹಗುರ ಕೈಯವರು ಯಾರೂ ಇರಲಿಲ್ಲ.

ಬೇರೆ ಕ್ಷೌರದಂಗಡಿಗಳಲ್ಲಿ ಗೋಡೆಗೆ ಫುಟ್‌ಬಾಲ್ ಆಟಗಾರರಿರುತ್ತಾರೆ, ಹಾಡುಗಾರ್ತಿಯರಿರುತ್ತಾರೆ. ಇವನ ಗೋಡೆಯ ತುಂಬ ಗೂಡ್ಸು ಗಾಡಿಗಳು. ಬೆಳಗಿನ ಗಾಡಿ, ಸಂಜೆಯ ಗಾಡಿ, ಧೂಳೆದ್ದ ದಿನ ಅರ್ಧ ಮಾತ್ರ ಕಾಣುವ ಗಾಡಿ, ಅಪರೂಪಕ್ಕೆ ಮಳೆ ಬಂದು ಬೋಗಿಗಳೆಲ್ಲ ಮಿಂದು ನಿಂತ ಗಾಡಿ. ಗಣಿಯಿಂದ ಫಾಸ್ಫೇಟ್ ತುಂಬಿಕೊಂಡು ಸ್ಫಾಕ್ಸ್ ಬಂದರಿಗೆ ಹೋಗುವ ಆ ಗಾಡಿಗಳು ಅಂಗಡಿಯ ಎದುರಿನ ರೈಲ್ವೆ ಗೇಟಿನ ಹತ್ತಿರ ತಿರುವು ತೆಗೆದುಕೊಳ್ಳುತ್ತವೆ. ತಿರುವಿನಲ್ಲಿ ಎಷ್ಟು ಮೆಲ್ಲಗೆ ಹೋಗುತ್ತವೆಂದರೆ, ಪಕ್ಕದಲ್ಲಿ ನಡೆದುಹೋಗುವ ಮುದುಕರು ಡ್ರೈವರನ ಜೊತೆ ಒಂದೆರಡು ಮಾತಾಡಿ ಮುಗಿಸಬಹುದು. ಕುರ್ಚಿಯಲ್ಲಿ ಕೂತವನಿಗೆ ಎದುರಿನ ಕನ್ನಡಿಯಲ್ಲಿ ಗಾಡಿ ಕಾಣುತ್ತದೆ, ಅದೂ ತಿರುಗುಮುರುಗಾಗಿ. ಬೆಟ್ಟದಿಂದ ಇಳಿದದ್ದು ಬೆಟ್ಟಕ್ಕೇ ವಾಪಸು ಹೋಗುತ್ತಿರುವಂತೆ. ನೆಲ ಸಣ್ಣಗೆ ನಡುಗುತ್ತದೆ, ಬಾಟಲಿಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತವೆ, ನೊರೆ ಮೆತ್ತಿಕೊಂಡ ಗಿರಾಕಿ ಅರೆಗಣ್ಣು ಮುಚ್ಚಿ ತೂಕಡಿಸತೊಡಗುತ್ತಾನೆ. ಆ ಹತ್ತು ನಿಮಿಷದ ನಿದ್ದೆಯ ಸುಖಕ್ಕಾಗಿಯೇ ಬೇಕೆಂತಲೇ ಮೂರೂವರೆಗೆ ಹೋಗಿ ಕೂರುವವರೂ ಇದ್ದರು. ನಾನೂ ಅವರಲ್ಲೊಬ್ಬ.

ಅವನಿಗೆ ಈ ಹುಚ್ಚು ಹತ್ತಿದ್ದು ಐದಾರು ವರ್ಷದವನಿದ್ದಾಗ. ಬೇಸಿಗೆಯ ಮಧ್ಯಾಹ್ನ ಊರೆಲ್ಲ ಬಾಗಿಲು ಹಾಕಿಕೊಂಡು ಮಲಗಿದ್ದಾಗ ತಾಯಿಯ ಪಕ್ಕದಿಂದ ಎದ್ದು ಹಳಿಯ ಹತ್ತಿರ ಬಂದನಂತೆ. ಬಿಸಿಲಿಗೆ ಹಳಿಯ ಮೇಲೆ ಗಾಳಿ ನೀರಿನ ಹಾಗೆ ಅಲುಗುತ್ತಿತ್ತು. ಅದರೊಳಗಿಂದ ಗಾಡಿ ಬಂತು. ಓಡಿಸುವವರು ಯಾರೂ ಕಾಣಲಿಲ್ಲ. ಬೆಟ್ಟವೇ ಎದ್ದು, ತನ್ನಷ್ಟಕ್ಕೆ ತಾನು, ಯಾರ ಹಂಗೂ ಇಲ್ಲದೆ ಸಮುದ್ರದ ಕಡೆ ನಡೆದುಹೋಗುತ್ತಿದೆ ಎಂದುಕೊಂಡನಂತೆ. ಇದನ್ನು ಅವನು ನನಗೆ ಹೇಳಿದ್ದು ಒಂದೇ ಸಲ, ಅದೂ ಕತ್ತಿ ನನ್ನ ಗಂಟಲ ಮೇಲಿದ್ದಾಗ. ನಗುವ ಹಾಗಿರಲಿಲ್ಲ. ಆ ಮಧ್ಯಾಹ್ನದ ಗಾಡಿಯನ್ನು ಮತ್ತೊಮ್ಮೆ ಹಿಡಿಯಬೇಕೆಂಬುದೇ ಇಪ್ಪತ್ತೆರಡು ವರ್ಷದಿಂದ ಅವನ ಹಟ. ಚಿತ್ರದಲ್ಲಿ ಗಾಡಿ ತಾನಾಗಿಯೇ ಬರುತ್ತಿರಬೇಕು. ಮನುಷ್ಯರು ಕಾಣಕೂಡದು.

ಆದರೆ ಗಾಡಿಯಲ್ಲಿ ಮನುಷ್ಯರಿರುತ್ತಾರಲ್ಲ! ನಾಲ್ಕರ ಗಾಡಿಯಲ್ಲಂತೂ ಹಫ್ನಾವಿ ಇರುತ್ತಿದ್ದ.

ಹಫ್ನಾವಿ ದೊಡ್ಡ ದೇಹದವನು, ದಪ್ಪ ಮೀಸೆಯವನು. ಆ ಮೀಸೆ ಬಲ್ಗಾಸಿಮ್‌ನ ಕೈಯದೇ. ವಾರಕ್ಕೆರಡು ಸಲ ಅದನ್ನು ತೀಡಿ, ಕತ್ತರಿಸಿ, ಎರಡು ತುದಿ ಸರಿಯಾಯಿತೇ ಎಂದು ಬೆರಳಲ್ಲಿ ಅಳೆದು ನೋಡುತ್ತಿದ್ದ. ಹಫ್ನಾವಿಯ ಮನೆ ಗೇಟಿಗಿಂತ ಸ್ವಲ್ಪ ಮೊದಲೇ, ಹಳಿಗೆ ಅಂಟಿಕೊಂಡೇ ಇದೆ. ನಮ್ಮಲ್ಲಿ ಡ್ರೈವರರ ಹೆಂಡಂದಿರಿಗೆ ಒಂದು ಪದ್ಧತಿಯುಂಟು. ಗಾಡಿ ನಿಲ್ಲಿಸುವ ಹಾಗಿಲ್ಲ, ಗಂಡ ಸ್ಫಾಕ್ಸ್ ಮುಟ್ಟುವವರೆಗೆ ಹಸಿದಿರುವಂತೆಯೂ ಇಲ್ಲ. ಆದ್ದರಿಂದ ಉದ್ದನೆಯ ಕೋಲಿನ ತುದಿಗೆ ತಂತಿಯ ಬಳೆ ಕಟ್ಟಿ, ಬಳೆಗೆ ಬುತ್ತಿಯ ಚೀಲ ಸಿಕ್ಕಿಸಿ, ಹಳಿಯ ಪಕ್ಕ ಎತ್ತಿ ಹಿಡಿದು ನಿಲ್ಲುತ್ತಾರೆ. ಡ್ರೈವರ್ ಕಿಟಕಿಯಿಂದ ಸೊಂಟದವರೆಗೆ ಹೊರಗೆ ಬಾಗಿ, ಬಳೆಯೊಳಗೆ ತೋಳು ತೂರಿಸಿ ಚೀಲ ಎಳೆದುಕೊಳ್ಳುತ್ತಾನೆ. ಹಫ್ನಾವಿಯ ಹೆಂಡತಿ ಮೊಂಜಿಯಾ ಗಿಡ್ಡ ಹೆಂಗಸು. ಕೋಲು ಹಿಡಿದು ತುದಿಗಾಲಲ್ಲಿ ನಿಲ್ಲುತ್ತಿದ್ದಳು. ಚೀಲದಲ್ಲಿ ಬಿಸಿ ರೊಟ್ಟಿ, ಸುಟ್ಟ ಮೆಣಸಿನಕಾಯಿಯ ಚಟ್ನಿ, ಆಲಿವ್ ಕಾಯಿ, ಬಟ್ಟೆ ಸುತ್ತಿದ ಚಹಾದ ಬಾಟಲಿ.

ಚೀಲ ಒಳಗೆ ಹೋದ ಮೇಲೆ ಹಫ್ನಾವಿ ಕಿಟಕಿಯಲ್ಲಿ ಮೊಳಕೈಯೂರಿ ಆರಾಮಾಗಿ ಊರು ನೋಡುತ್ತ ಬರುತ್ತಿದ್ದ. ಇತ್ತ ಬಲ್ಗಾಸಿಮ್ ಕ್ಯಾಮೆರಾ ಕಣ್ಣಿಗಿಟ್ಟುಕೊಂಡು, ಇನ್ನೊಂದು ಅಂಗೈಯನ್ನು ಮುಂದೆ ತಳ್ಳಿ ಕೂಗುತ್ತಿದ್ದ: “ತಲೆ ಒಳಗೆ, ಹಫ್ನಾವಿ!”

ಕುರ್ಚಿಯಲ್ಲಿ ಕೂತ ಗಿರಾಕಿಯ ತಲೆಯನ್ನು ಎರಡು ಬೆರಳಲ್ಲಿ ಆಚೆಗೆ ಸರಿಸುತ್ತಾನಲ್ಲ, ಅದೇ ಕೈ. ಆ ಕೈಗೆ ಎದುರಾಡುವ ಗಂಡಸು ನಮ್ಮೂರಲ್ಲಿ ಹುಟ್ಟಿಲ್ಲ. ಗಾಡಿಯ ಮೇಲಿದ್ದರೂ ಅಷ್ಟೇ, ಹಫ್ನಾವಿ ತಲೆ ಒಳಗೆಳೆದುಕೊಳ್ಳುತ್ತಿದ್ದ. ಒಳಗಿಂದ ದೊಡ್ಡ ದನಿ ಬರುತ್ತಿತ್ತು: “ಆಯ್ತೇನೋ ಅರ್ಫಿ? ಉಸಿರಾಡ್ಲಾ? ಅದನ್ನೂ ಒಳಗೇ ಇಟ್ಕೊಳ್ಲಾ?”

ಅರ್ಫಿ ಅಂದರೆ ಯಜಮಾನ. ಕತ್ತಿ ಹಿಡಿದವನನ್ನು ಹಾಗನ್ನದೆ ಇನ್ನೇನನ್ನುವುದು?

ಕೆಲವೊಮ್ಮೆ ಬಲ್ಗಾಸಿಮ್ ಅವಸರ ಮಾಡಿ ಮೊದಲೇ ಒತ್ತಿಬಿಡುತ್ತಿದ್ದ. ಆಗ ತಲೆ ಬಂದುಬಿಡುತ್ತಿತ್ತು, ಕೋಲು ಬರುತ್ತಿತ್ತು, ಚೀಲ ಬರುತ್ತಿತ್ತು. ಅವು ಕೆಟ್ಟ ಚಿತ್ರಗಳು. ಕೆಟ್ಟದ್ದನ್ನು ಎಸೆಯುವ ಜಾತಿಯವನಲ್ಲ ಅವನು. ಫೋಟೋದ ಕಾಗದ ದಪ್ಪ, ಒಂದು ಕಡೆ ನುಣುಪು, ಒದ್ದೆ ಹೀರುವುದಿಲ್ಲ. ಕೆಟ್ಟ ಚಿತ್ರಗಳನ್ನು ನಾಲ್ಕು ತುಂಡು ಮಾಡಿ ಡಬ್ಬಿಯಲ್ಲಿ ಹಾಕಿಟ್ಟುಕೊಂಡು, ಕ್ಷೌರ ಮಾಡುವಾಗ ಕತ್ತಿಯ ನೊರೆಯನ್ನು ಅವಕ್ಕೆ ಒರೆಸುತ್ತಿದ್ದ. ಹೀಗೆ ಒರೆಸಿ ಒರೆಸಿ ವರ್ಷಗಳು ಕಳೆದವು.

ಆಲಿವ್ ಕೀಳುವ ಕಾಲದಲ್ಲಿ ಹಫ್ನಾವಿ ತೀರಿಕೊಂಡ. ಗಾಡಿಯಲ್ಲಲ್ಲ, ರಜೆಯ ದಿನ ಹಾಸಿಗೆಯಲ್ಲಿ, ಇನ್ನೊಂದು ಚಹಾ ಮಾಡು ಎಂದು ಹೇಳಿದ್ದ, ಅದು ಬರುವಷ್ಟರಲ್ಲಿ ಎದೆ ನಿಂತಿತ್ತು. ಬಲ್ಗಾಸಿಮ್ ಕೊನೆಯ ಸಲ ಅವನ ಮುಖ ಕ್ಷೌರ ಮಾಡಿ ನಾಲ್ಕು ದಿನವಾಗಿತ್ತು. ಮಣ್ಣು ಮಾಡುವಾಗ ಬಲ್ಗಾಸಿಮ್ ತನ್ನ ಬೆರಳುಗಳನ್ನೇ ನೋಡುತ್ತ ನಿಂತಿದ್ದನ್ನು ನಾನು ಕಂಡೆ.

ಮೂವತ್ತನೆಯ ದಿನದ ಹೊತ್ತಿಗೆ ಮೊಂಜಿಯಾ ಅಂಗಡಿಗೆ ಬಂದಳು. ನಮ್ಮಲ್ಲಿ ಹೆಂಗಸರು ಗಂಡಸರ ಕ್ಷೌರದಂಗಡಿಯ ಹೊಸ್ತಿಲು ದಾಟುವುದಿಲ್ಲ. ಅವಳು ಹೊರಗೇ ನಿಂತಳು. ನಾವೆಲ್ಲ ನೆಲ ನೋಡಿದೆವು.

“ಸಿ ಬಲ್ಗಾಸಿಮ್,” ಎಂದು ಮರ್ಯಾದೆಯಿಂದ ಕರೆದಳು, “ಒಂದು ಕೇಳ್ಬೇಕಿತ್ತು.”

“ಹೇಳು ತಂಗಿ, ಅಪ್ಪಣೆ ಮಾಡು.”

“ಮನೇಲಿ ಅವರದೊಂದು ಫೋಟೋ ಇಲ್ಲ. ಗುರುತಿನ ಚೀಟೀಲಿ ಇರೋದು ಇಪ್ಪತ್ತು ವರ್ಷದ ಹುಡುಗ, ಮೀಸೇನೇ ಇಲ್ಲ. ಅವನ್ಯಾರೋ ನನಗೆ ಗೊತ್ತೇ ಇಲ್ಲ. ನಲವತ್ತನೇ ದಿನದ ಕಾರ್ಯಕ್ಕೆ ಮಗಳು ಸ್ಫಾಕ್ಸಿಂದ ಬರ್ತಾಳೆ.” ಅವಳು ಹೊಸ್ತಿಲಿಗೆ ಒಂದು ಹೆಜ್ಜೆ ಹತ್ತಿರ ಬಂದಳು. “ಮಗಳಿಗೆ ಅನ್ನೋದೆಲ್ಲ ಸುಳ್ಳು. ನನಗೇ ಬೇಕು. ಬೆಳಿಗ್ಗೆ ಎದ್ದಾಗ ಅವರ ಮುಖ ಸರಿಯಾಗಿ ನೆನಪಾಗ್ತಿಲ್ಲ. ಹೋಗಿಬಿಡತ್ತೇನೋ ಅಂತ ಭಯ ಆಗತ್ತೆ. ನೀವು ದಿನಾ ಫೋಟೋ ಹೊಡೀತಿದ್ರಲ್ಲ.”

“ಅಯ್ಯೋ, ಇಷ್ಟೇನಾ!” ಬಲ್ಗಾಸಿಮ್ ಕೈಯಲ್ಲಿದ್ದ ಕತ್ತಿ ಆಡಿಸಿಬಿಟ್ಟ, ಕುರ್ಚಿಯಲ್ಲಿದ್ದವನು ಬೆಚ್ಚಿದ. “ಒಂದಲ್ಲ, ಐವತ್ತು ಕೊಡ್ತೀನಿ. ಇಪ್ಪತ್ತೆರಡು ವರ್ಷ ಅವನ ಗಾಡಿ ತೆಗ್ದಿದೀನಿ ತಂಗಿ. ನಲವತ್ತನೇ ದಿನಕ್ಕೆ ನಾನೇ ತಂದು ಕೈಗೆ ಕೊಡ್ತೀನಿ, ನನ್ನ ಮಾತು.”

ಮೊಂಜಿಯಾ ಅವನ ತಂದೆತಾಯಿಗಳಿಗೆಲ್ಲ ಒಳ್ಳೆಯದಾಗಲಿ ಎಂದು ಹರಸಿ ಹೋದಳು. ಹೋಗುವಾಗ ಅವಳ ಹೆಜ್ಜೆ ಬಂದಾಗಿನದಕ್ಕಿಂತ ಹಗುರವಾಗಿತ್ತು.

ಆ ಶುಕ್ರವಾರ ಬಲ್ಗಾಸಿಮ್ ಮನೆಯಲ್ಲಿ ಬೂಟಿನ ಪೆಟ್ಟಿಗೆಗಳನ್ನೆಲ್ಲ ಇಳಿಸಿ, ಚಾಪೆಯ ಮೇಲೆ ಚಿತ್ರ ಹರಡಿಕೊಂಡು ಕೂತ. ಹೆಂಡತಿ ಸಾಲ್ಹಾ ಚಹಾ ತಂದಿಟ್ಟಳು, ಆರಿತು. ಇನ್ನೊಂದು ತಂದಳು, ಅದೂ ಆರಿತು. ಚಿತ್ರದ ಮೇಲೆ ಚಿತ್ರ, ಗಾಡಿಯ ಹಿಂದೆ ಗಾಡಿ. ಒಂದಕ್ಕಿಂತ ಒಂದು ಚೆಂದ. ಬೆಳಕು ಬೋಗಿಗಳ ಮೇಲೆ ಜೇನಿನ ಹಾಗೆ ಇಳಿದಿತ್ತು. ಪ್ರತಿಯೊಂದರಲ್ಲೂ ಕಿಟಕಿ ಮಾತ್ರ ಕಪ್ಪಗೆ, ಖಾಲಿಯಾಗಿತ್ತು. ಇಪ್ಪತ್ತೆರಡು ವರ್ಷ ಆ ಗಾಡಿಯನ್ನು ಯಾರೂ ಓಡಿಸಿರಲೇ ಇಲ್ಲ.

ಅವನು ಅಂಗಡಿಗೆ ಓಡಿದ. ಬೀಗ ತೆಗೆದು ಡಬ್ಬಿ ಸುರಿದ. ನಾಲ್ಕಾರು ಚೂರು ಉಳಿದಿದ್ದವು. ಒಂದರಲ್ಲಿ ಮೊಳಕೈ, ಒಂದರಲ್ಲಿ ಕೋಲಿನ ತುದಿ, ಒಂದರಲ್ಲಿ ಬರೀ ಆಕಾಶ. ಒಂದು ಚೂರಿನಲ್ಲಿ ಅರ್ಧ ಮೀಸೆ ಇತ್ತು. ಅದರ ಮೇಲೆ ಯಾರದೋ ಗಡ್ಡದ ಕೂದಲು ಸೋಪಿನ ಜೊತೆ ಒಣಗಿ ಅಂಟಿಕೊಂಡಿತ್ತು. ಬಲ್ಗಾಸಿಮ್ ತನ್ನದೇ ಕುರ್ಚಿಯಲ್ಲಿ ಕುಸಿದು ಕೂತ. ಕನ್ನಡಿಯಲ್ಲಿ ಕಂಡ ಮುಖಕ್ಕೆ ಉಗಿಯಬೇಕೆನಿಸಿತು ಎಂದು ಆಮೇಲೆ ಅವನೇ ಹೇಳಿದ.

ಅಲ್ಲಿಂದ ಅವನು ಮೂರೂವರೆಗೇ ಬಾಗಿಲು ಹಾಕತೊಡಗಿದ. ನಾಲ್ಕರ ಗಾಡಿ ಕೂಗಿದರೂ ಹೊರಗೆ ಬರಲಿಲ್ಲ. ಊರಿಗೆ ದಿಗಿಲಾಯಿತು. “ಕಣ್ಣು ಹೋಯ್ತೇನೋ ಪಾಪ” ಎಂದರು ಕೆಲವರು. ಲಮೀನ್ ಮೇಷ್ಟ್ರು ತಾವೇ ಮನೆಗೆ ಹೋಗಿ “ಬಾರಯ್ಯಾ, ನನ್ನ ಅರ್ಧ ಗಡ್ಡ ಬಿಟ್ಟು ಓಡು, ನಾನೇನೂ ಅನ್ನಲ್ಲ” ಎಂದು ಕರೆದರು. ಅವನು ಗೋಡೆಯ ಕಡೆ ತಿರುಗಿ ಮಲಗಿದ. ಮೊಂಜಿಯಾಳ ಮನೆಯ ದಾರಿ ತಪ್ಪಿಸಿ ಓಡಾಡುವುದಕ್ಕೆ ಊರನ್ನೇ ಸುತ್ತುತ್ತಿದ್ದ.

ಮೂವತ್ತೇಳನೆಯ ದಿನ ಅವನು ಅಂಗಳದಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತ ಕೂತಿದ್ದಾಗ ಸಾಲ್ಹಾಗೆ ರೇಗಿತು.

“ಏನಾಗಿದೆ ಮಾರಾಯ ನಿನಗೆ? ಉಗುಳು, ಇಲ್ಲ ನುಂಗು.”

ಅವನು ಎಲ್ಲ ಹೇಳಿದ. ಮಾತು ಕೊಟ್ಟಿದ್ದು, ಕಿಟಕಿ ಖಾಲಿಯಿದ್ದದ್ದು, ಕತ್ತಿ ಒರೆಸಿದ್ದು. ಹೇಳುತ್ತ ಹೇಳುತ್ತ ಅಳು ಬಂತು. “ಸತ್ತವನ ಮುಖಕ್ಕೆ ಊರಿನವರ ಗಡ್ಡ ಒರೆಸಿದೀನಿ ಕಣೇ.”

ಸಾಲ್ಹಾ ಅವನನ್ನೊಮ್ಮೆ ನೋಡಿದಳು. ಆಮೇಲೆ ತಲೆಯೆತ್ತಿ ದ್ರಾಕ್ಷಿ ಚಪ್ಪರ ನೋಡಿದಳು.

“ಕಾಗದ ಹಾಳು ಮಾಡಿದೆ ಸರಿ. ಆ ಕರೀ ಪಟ್ಟಿ?”

“ಯಾವ ಪಟ್ಟಿ?”

“ಅಯ್ಯೋ ನನ್ನ ಕರ್ಮವೇ! ಚೆನ್ನಾಗಿರೋದನ್ನ ಪೆಟ್ಟಿಗೇಲಿ ಇಟ್ಟು, ಕೆಟ್ಟಿದ್ದನ್ನ ಕತ್ತರಿಸಿ, ಗುಬ್ಬಿ ಓಡಿಸ್ಕೋ ಅಂತ ನನ್ನ ಕೈಗೇ ಕೊಡ್ತಿದ್ದೆಯಲ್ಲ. ವರ್ಷಾ ವರ್ಷಾ ನಾನು ಕಟ್ತಾ ಬಂದಿಲ್ವಾ?”

ಬಲ್ಗಾಸಿಮ್ ತಲೆಯೆತ್ತಿದ. ಚಳಿಗಾಲಕ್ಕೆ ಎಲೆಯೆಲ್ಲ ಉದುರಿ ಚಪ್ಪರ ಬರಿದಾಗಿತ್ತು. ಬಳ್ಳಿಯ ತುಂಬ ದಾರದಲ್ಲಿ ಕಟ್ಟಿದ ನೆಗೆಟಿವ್ ಫಿಲ್ಮಿನ ತುಂಡುಗಳು ಗಾಳಿಗೆ ತಿರುಗುತ್ತಿದ್ದವು. ಇಷ್ಟು ವರ್ಷ ಅದರ ನೆರಳಲ್ಲೇ ಮಲಗಿದ್ದಾನೆ, ಕಣ್ಣಿಗೆ ಬಿದ್ದಿಲ್ಲ. ಅವನು ಸ್ಟೂಲು ಹತ್ತಿ ಒಂದೊಂದನ್ನೇ ಬೆರಳಲ್ಲಿ ಹಿಡಿದು ಸೂರ್ಯನಿಗೊಡ್ಡಿ ನೋಡತೊಡಗಿದ. ಹಳೆಯವೆಲ್ಲ ಬಿಸಿಲಿಗೆ ಸುಲಿದು, ಗಾಜಿನಂತೆ ಖಾಲಿಯಾಗಿದ್ದವು. ಕೆಲವನ್ನು ಧೂಳು ತಿಂದಿತ್ತು. ಗಾಳಿ ಬೀಸಿದಾಗ ಅವೆಲ್ಲ ಅವನ ಕಿವಿಗೆ, ಕೆನ್ನೆಗೆ ಮೆಲ್ಲಗೆ ತಟ್ಟುತ್ತಿದ್ದವು. ಹೊತ್ತು ಹೋದದ್ದೇ ಗೊತ್ತಾಗಲಿಲ್ಲ. ಸಾಲ್ಹಾ ಸ್ಟೂಲು ಹಿಡಿದುಕೊಂಡು ನಿಂತೇ ಇದ್ದಳು. ಕಡೆಗೆ ಗೋಡೆಯ ಮೂಲೆಯಲ್ಲಿ, ಸೂರಿನ ಕೆಳಗೆ, ಹಿಂದಿನ ಬೇಸಿಗೆಯಲ್ಲಿ ಕಟ್ಟಿದ ಒಂದು ತುಂಡು ಸಿಕ್ಕಿತು. ಅದರಲ್ಲಿ ಕರೀ ಮುಖದ ಒಬ್ಬ ಮನುಷ್ಯ ಬೆಳ್ಳಗಿನ ಮೀಸೆ ಹೊತ್ತು ಹೊರಗೆ ಬಾಗಿದ್ದ.

“ಸಾಲ್ಹಾ,” ಎಂದ ಬಲ್ಗಾಸಿಮ್. ಬಗ್ಗಿ ತುಂಡನ್ನು ಅವಳ ಕೈಗಿಟ್ಟ.

ಮಾರನೆಯ ದಿನ ಬೆಳಿಗ್ಗೆಯ ಬಸ್ಸಿಗೆ ಗಫ್ಸಾ ಪಟ್ಟಣಕ್ಕೆ ಹೋದ. ತುಂಡನ್ನು ಕರವಸ್ತ್ರದಲ್ಲಿ ಸುತ್ತಿ, ಅಂಗಿಯ ಒಳಜೇಬಿನಲ್ಲಿಟ್ಟು, ದಾರಿಯುದ್ದಕ್ಕೂ ಅದರ ಮೇಲೆ ಕೈಯಿಟ್ಟುಕೊಂಡಿದ್ದ. ಇಷ್ಟು ವರ್ಷ ಅವನ ಫಿಲ್ಮು ತೊಳೆದುಕೊಟ್ಟ ಸ್ಟುಡಿಯೋದವನು ಅದನ್ನು ದೀಪಕ್ಕೆ ಹಿಡಿದು ಮುಖ ಸೊಟ್ಟ ಮಾಡಿದ. “ಇದೇನು ಇದು? ಗೀರು ಬಿದ್ದಿದೆ. ಎಂಜಿನ್ನಿನ ಮೂತಿ ಅರ್ಧ ಕಡಿದುಹೋಗಿದೆ. ಇದರಲ್ಲಿ ನಿನ್ನ ಗಾಡಿ ಕಾಣೋದೇ ಇಲ್ವಲ್ಲ!”

“ಗಾಡಿ ಹಾಳಾಗೋಗ್ಲಿ,” ಎಂದ ಬಲ್ಗಾಸಿಮ್. ಜನ್ಮದಲ್ಲಿ ಮೊದಲ ಸಲ ಅವನ ಬಾಯಲ್ಲಿ ಆ ಮಾತು ಬಂತು.

ಕೆಂಪು ದೀಪದ ಕೋಣೆಯಲ್ಲಿ ಮದ್ದು ಬೆರೆಸಿದ ನೀರಿನ ತಟ್ಟೆಯೊಳಗೆ ಬಿಳಿ ಕಾಗದ ಮಲಗಿತ್ತು. ಸ್ಟುಡಿಯೋದವನು ತಟ್ಟೆಯನ್ನು ತೊಟ್ಟಿಲಿನಂತೆ ಮೆಲ್ಲಗೆ ತೂಗುತ್ತಿದ್ದ. ಮೊದಲು ಮೂಡಿದ್ದು ಮೀಸೆ. ಬಲ್ಗಾಸಿಮ್‌ನ ಬೆರಳುಗಳಿಗೆ ಗುರುತು ಸಿಕ್ಕಿತು. ಎಡ ತುದಿ ಕೂದಲೆಳೆಯಷ್ಟು ಉದ್ದವಾಗಿತ್ತು, ಆ ವಾರ ಸರಿಯಾಗಿ ಕತ್ತರಿಸಿರಲಿಲ್ಲ. ಆಮೇಲೆ ಹಲ್ಲು, ಕೆನ್ನೆ, ಕಣ್ಣು. ಬಿಳಿಯೊಳಗಿಂದ ಹಫ್ನಾವಿ ನಿಧಾನವಾಗಿ, ತಿರುವಿನಲ್ಲಿ ಬರುವಂತೆಯೇ ಬಂದ.

ನಲವತ್ತನೆಯ ದಿನ ಮಧ್ಯಾಹ್ನ ಕುರಾನ್ ಓದಿಸಿ, ಬಂದವರಿಗೆಲ್ಲ ಕುಸ್‌ಕುಸ್ ಬಡಿಸಿ ಮುಗಿದಿತ್ತು. ಜನ ಚೆದುರಿದ ಮೇಲೆ ಬಲ್ಗಾಸಿಮ್ ಮೊಂಜಿಯಾಳ ಬಾಗಿಲಿಗೆ ಹೋದ. ಜೊತೆಗೆ ನಾನಿದ್ದೆ, ಒಬ್ಬನೇ ಹೋಗಲು ಅವನಿಗೆ ಧೈರ್ಯವಿರಲಿಲ್ಲ. ಚಿತ್ರ ಕೊಡುವ ಮೊದಲೇ ಅವನು ತಪ್ಪೊಪ್ಪಿಕೊಂಡ. ಕಣ್ಣು ನೆಲದಲ್ಲಿಟ್ಟು, ಏನನ್ನೂ ಬಚ್ಚಿಡದೆ ಹೇಳಿದ. “ಐವತ್ತು ಅಂದಿದ್ದೆ. ಒಂದೇ ಇರೋದು. ಬಾಕಿ ಎಲ್ಲ ಕತ್ತಿ ಒರೆಸಿಬಿಟ್ಟೆ. ಬೈದುಬಿಡು ತಂಗಿ, ಹಗುರ ಆಗತ್ತೆ ನನಗೆ.”

ಮೊಂಜಿಯಾ ಬೈಯಲಿಲ್ಲ. ಅವಳ ಮುಖದಲ್ಲಿ ನಗು ಬಂತು. “ಅವರಿಗೆ ಗೊತ್ತಿತ್ತು.”

“ಏನು?”

“ಒಂದಿನ ಕ್ಷೌರ ಮಾಡಿಸ್ಕೊಂಡು ಬಂದವರು ಹೊಟ್ಟೆ ಹಿಡ್ಕೊಂಡು ನಕ್ಕಿದ್ದೇ ನಕ್ಕಿದ್ದು. ‘ನನ್ನ ಮುಖದ ಸೋಪನ್ನ ನನ್ನ ಮುಖಕ್ಕೇ ಒರೆಸ್ದ ಕಣೇ ನಮ್ಮ ಅರ್ಫಿ, ಹೇಳಿದ್ರೆ ಪಾಪ ನಾಚ್ಕೋತಾನೆ ಅಂತ ಸುಮ್ನೆ ಇದ್ದೆ,’ ಅಂದ್ರು.”

ಬಲ್ಗಾಸಿಮ್‌ಗೆ ತಡೆಯಲಾಗಲಿಲ್ಲ. ಗೋಡೆಗೆ ಹಣೆಯಿಟ್ಟು ನಿಂತ. ಮೊಂಜಿಯಾ ಅವನ ಕೈಯಿಂದ ಲಕೋಟೆ ತೆಗೆದುಕೊಂಡು ಬಿಚ್ಚಿದಳು. ಚಿತ್ರದಲ್ಲಿ ಗೀರು ಬಿದ್ದ ಆಕಾಶವಿತ್ತು, ಅರ್ಧ ಎಂಜಿನ್ನಿತ್ತು, ಕೋಲಿನ ತುದಿಯಲ್ಲಿ ಚೀಲ ತೂಗುತ್ತಿತ್ತು. ಸೊಂಟದವರೆಗೆ ಹೊರಗೆ ಬಾಗಿದ ಹಫ್ನಾವಿ ಬಳೆಗೆ ತೋಳು ಚಾಚಿದ್ದ. ಕೆಳಗಿನ ಮೂಲೆಯಲ್ಲಿ ತುದಿಗಾಲಲ್ಲಿ ನಿಂತ ಹೆಂಗಸಿನ ಬೆನ್ನು ಕಾಣುತ್ತಿತ್ತು.

ಅವಳು ಬಹಳ ಹೊತ್ತು ನೋಡಿದಳು.

“ನಗ್ತಿದಾರೆ,” ಎಂದಳು.

“ಹೌದು ತಂಗಿ.”

“ಇಷ್ಟು ವರ್ಷ ದಿನಾ ನಾನು ಚೀಲಾನೇ ನೋಡ್ತಿದ್ದೆ. ಎಲ್ಲಿ ಬಿದ್ದು ಹೋಗತ್ತೋ, ಚಹಾ ಚೆಲ್ಲತ್ತೋ ಅಂತ. ಒಂದಿನಾನೂ ಮುಖ ಎತ್ತಿ ನೋಡ್ಲಿಲ್ಲ.” ಅವಳು ಬೆರಳನ್ನು ಚಿತ್ರದ ಮೇಲಿಟ್ಟಳು, ಹಫ್ನಾವಿಯ ಕಣ್ಣಿನಿಂದ ಮೂಲೆಯ ಆ ಬೆನ್ನಿನವರೆಗೆ ಎಳೆದಳು. “ಇವರು ಚೀಲ ನೋಡ್ತಾನೇ ಇಲ್ಲ ನೋಡಿ. ನನ್ನ ನೋಡ್ತಿದಾರೆ.”

ಆಗ ಬೆಟ್ಟದ ಕಡೆಯಿಂದ ನಾಲ್ಕರ ಗಾಡಿ ಕೂಗಿತು. ಅಭ್ಯಾಸಬಲ ನೋಡಿ, ಮೂವರೂ ಹಳಿಯ ಪಕ್ಕಕ್ಕೆ ಬಂದು ನಿಂತೆವು. ಮೊಂಜಿಯಾಳ ಕೈಯಲ್ಲಿ ಕೋಲಿನ ಬದಲು ಚಿತ್ರವಿತ್ತು. ಸಂಜೆಯ ಬೆಳಕಿನಲ್ಲಿ ಗಾಡಿ ಧೂಳು ಹೊದ್ದುಕೊಂಡು ಮೆಲ್ಲಗೆ ತಿರುಗಿತು. ಹೊಸ ಡ್ರೈವರ್ ಚಿಕ್ಕ ಪ್ರಾಯದವನು, ಮೊಳಕೈಯೂರಿ ಹೊರಗೆ ನೋಡುತ್ತಿದ್ದ. ಬಲ್ಗಾಸಿಮ್‌ನನ್ನು ಕಂಡದ್ದೇ, ಹಿರಿಯರು ಹೇಳಿಕೊಟ್ಟ ಪಾಠದಂತೆ ಚಟ್ಟನೆ ತಲೆ ಒಳಗೆಳೆದುಕೊಂಡ.

“ಹೊರಗೆ!” ಬಲ್ಗಾಸಿಮ್ ಎರಡೂ ಕೈ ಬೀಸಿ ಗಂಟಲು ಹರಿಯುವಂತೆ ಕೂಗಿದ. “ತಲೆ ಹೊರಗೆ ಹಾಕೋ ಮಗನೇ! ಹೊರಗೆ!”

ಹುಡುಗ ಗಾಬರಿಯಿಂದ ಮತ್ತೆ ತಲೆ ಹೊರಗಿಟ್ಟ. ಮೊಂಜಿಯಾ ಮುಖವೆತ್ತಿ, ಅವನು ತಿರುವು ದಾಟಿ ಮರೆಯಾಗುವವರೆಗೂ ಅವನನ್ನು ನೋಡಿದಳು.